ಜಪಾನಿನ ದಂಡನಾಯಕರ ಆಳ್ವಿಕೆ

ಅರಸನಿರುವಾಗಲೇ ಮತ್ತೊಬ್ಬನು ರಾಜ್ಯವಾಳಿದ ನಿದರ್ಶನಗಳು ಅನೇಕ ದೇಶಗಳ ಚರಿತ್ರೆಯಲ್ಲಿ ದೊರೆಯುತ್ತವೆ. ಆದರೆ ಈ ಏರ್ಪಾಡೇ ಸುಮಾರು ಏಳುನೂರು ವರ್ಷಗಳ ಕಾಲ ರಾಜ್ಯಪದ್ಧತಿಯಾಗಿ ನಿಂತುದನ್ನು ಕಾಣಬೇಕಾದರೆ ನೀವು ಜಪಾನಿನ ಕಡೆ ನೋಡಬೇಕು. ಚಕ್ರವರ್ತಿಯು ಕ್ಯೋಟೋ ನಗರದ ಅರಮನೆಯಲ್ಲಿ ಪೂಜ್ಯನಾಗಿ ಕುಳಿತಿದ್ದನು. ನಾಡನ್ನು ಆಳುತ್ತಿದ್ದವನು ಶೋಗುನ್.

ಮೊದಲು ಈ ಹೆಸರಿನ ಅರ್ಥವನ್ನು ತಿಳಿಯೋಣ. ‘ಸೇಯಿ ಇ ತೈ ಶೋಗುನ್’ ಎಂಬುದು ಪೂರ್ಣ ಬಿರುದು. ಮ್ಲೇಚ್ಛರನ್ನು ಅಡಗಿಸುವ ಮಹಾದಂಡನಾಯಕ ಎಂದು ಅದರ ತಾತ್ಪರ್ಯ. ಈಶಾನ್ಯದ ಗಡಿಯಲ್ಲಿದ್ದ ಎಮಿಶಿ ಜನರ ಮೇಲೆ ದಂಡೆತ್ತಿ ಹೋಗುವ ಸೇನಾನಿಗೆ ಚಕ್ರವರ್ತಿಯು ಕೊಡುತ್ತಿದ್ದ ತಾತ್ಕಾಲಿಕ ಪದವಿ ಅದು. ಯುದ್ಧ ಮುಗಿದರೆ ಪದವಿಯೂ ಮುಗಿಯಿತು. ‘ಸಮುರಾಯಿ’ ಎಂಬ ಮಾತಿಗೂ ಮೂಲದಲ್ಲಿ ಸೇವೆಗೆ ನಿಂತವನು ಎಂದೇ ಅರ್ಥ. ಸೇವಕನು ಒಡೆಯನಾದ ಬಗೆಯೇ ಈ ಚರಿತ್ರೆಯ ತಿರುಳು.

ಹನ್ನೆರಡನೆಯ ಶತಮಾನದಲ್ಲಿ ತೈರಾ ಮತ್ತು ಮಿನಮೋಟೋ ಎಂಬ ಎರಡು ಯೋಧಕುಲಗಳಿಗೆ ಘೋರ ಕಲಹವಾಯಿತು. 1185ರಲ್ಲಿ ದಾನ್‌ನೋಉರಾ ಜಲಸಂಧಿಯ ನೌಕಾಯುದ್ಧದಲ್ಲಿ ತೈರಾ ಕುಲ ನಾಶವಾಯಿತು. ಅವರ ಕಡೆಯಲ್ಲಿದ್ದ ಬಾಲಚಕ್ರವರ್ತಿ ಅಂತೋಕು ಅಲ್ಲಿಯೇ ಮುಳುಗಿ ಸತ್ತನು. ಆಗ ಅವನಿಗೆ ಆರು ವರ್ಷ ವಯಸ್ಸು.

ಗೆದ್ದ ಮಿನಮೋಟೋ ಯೊರಿತೋಮೋ ಮನಸ್ಸು ಮಾಡಿದ್ದರೆ ಸಿಂಹಾಸನವನ್ನೇ ಏರಬಹುದಾಗಿತ್ತಲ್ಲವೇ ಎಂದು ನೀವು ಕೇಳಬಹುದು. ಅವನು ಹಾಗೆ ಮಾಡಲಿಲ್ಲ. ಚಕ್ರವರ್ತಿಯ ವಂಶವು ಸೂರ್ಯದೇವಿಯಿಂದ ಇಳಿದು ಬಂದುದೆಂಬುದು ಜಪಾನೀಯರ ನಂಬಿಕೆ. ಖಡ್ಗದಿಂದ ಭೂಮಿಯನ್ನು ಗೆಲ್ಲಬಹುದೇ ಹೊರತು ಆ ವಂಶವನ್ನು ಗೆಲ್ಲಲಾಗದು. ಯೊರಿತೋಮೋ ಕ್ಯೋಟೋವಿಗೆ ದೂರವಾಗಿ, ಮೂರು ಕಡೆ ಬೆಟ್ಟ, ಒಂದು ಕಡೆ ಕಡಲು ಇರುವ ಕಾಮಕುರದಲ್ಲಿ ನೆಲೆಯೂರಿದನು. ಪ್ರಾಂತಗಳಿಗೆ ರಕ್ಷಣಾಧಿಕಾರಿಗಳನ್ನೂ ಜಹಗೀರುಗಳಿಗೆ ಕಂದಾಯದ ಮೇಲ್ವಿಚಾರಕರನ್ನೂ ನೇಮಿಸುವ ಅಧಿಕಾರವನ್ನು ಚಕ್ರವರ್ತಿಯ ಅಪ್ಪಣೆಯಿಂದಲೇ ಪಡೆದನು. 1192ರಲ್ಲಿ ಶೋಗುನ್ ಪದವಿಯೂ ಬಂದಿತು. ಅವನ ಸರ್ಕಾರಕ್ಕೆ ‘ಬಾಕುಫು’ ಎಂಬ ಹೆಸರು ನಿಂತಿತು. ಡೇರೆಯೊಳಗಿನ ಕಚೇರಿ ಎಂದು ಅದರ ಅರ್ಥ. ಪಾಳೆಯದ ಡೇರೆ ಹೀಗೆ ರಾಜ್ಯದ ಚಾವಡಿಯಾಯಿತು.

ಆದರೆ ಒಡೆಯನನ್ನು ನೆರಳಾಗಿಸಿದವನು ತಾನೂ ನೆರಳಾಗಬೇಕಾಯಿತು. 1199ರಲ್ಲಿ ಯೊರಿತೋಮೋ ತೀರಿಕೊಂಡ ಮೇಲೆ ಅವನ ಹೆಂಡತಿ ಮಸಾಕೋವಿನ ತವರಾದ ಹೋಜೋ ಮನೆತನ ಅಧಿಕಾರವನ್ನು ಕೈಗೆ ತೆಗೆದುಕೊಂಡಿತು. 1219ರಲ್ಲಿ ಯೊರಿತೋಮೋವಿನ ಕಿರಿಯ ಮಗನ ಕೊಲೆಯಾದಾಗ, ಮುಂದೆ ಶೋಗುನ್ ಆಗಲೆಂದು ಕ್ಯೋಟೋವಿನ ಶ್ರೀಮಂತ ಮನೆಯ ಹಸುಳೆಯೊಂದನ್ನು ತಂದಿಟ್ಟುಕೊಂಡರು. ಚಕ್ರವರ್ತಿಯ ಹೆಸರಿನಲ್ಲಿ ಶೋಗುನ್, ಶೋಗುನನ ಹೆಸರಿನಲ್ಲಿ ಹೋಜೋ! 1274 ಮತ್ತು 1281ರಲ್ಲಿ ಬಂದ ಮಂಗೋಲರ ದಂಡುಗಳನ್ನು ಎದುರಿಸಿದವರು ಈ ಹೋಜೋಗಳೇ. 1333ರಲ್ಲಿ ಕಾಮಕುರ ಬಿದ್ದಿತು. 1338ರಲ್ಲಿ ಶೋಗುನ್ ಆದ ಅಶಿಕಾಗ ತಕಾವುಜಿಯ ವಂಶ ಕ್ಯೋಟೋವಿನಲ್ಲಿಯೇ ಆಳಿತು. 1467ರಲ್ಲಿ ಹೊತ್ತಿದ ಓನಿನ್ ಯುದ್ಧದ ಅನಂತರ ನಾಡು ಪಾಳೆಯಗಾರರ ಪಾಲಾಯಿತು.

ಈ ಒಡಕನ್ನು ಕೊನೆಗೆ ಬೆಸೆದವನು ತೊಕುಗಾವ ಇಯೆಯಾಸು. 1600ರಲ್ಲಿ ಸೆಕಿಗಹರ ಕದನವನ್ನು ಗೆದ್ದು, 1603ರಲ್ಲಿ ಶೋಗುನ್ ಆಗಿ, ಎದೋ ನಗರದಿಂದ ಆಳತೊಡಗಿದನು. ಅವನ ವಂಶದವರ ಒಂದು ಉಪಾಯ ಗಮನಿಸತಕ್ಕದ್ದು. 1635ರ ಶಾಸನದ ಪ್ರಕಾರ ‘ದೈಮ್ಯೋ’ ಎಂಬ ಸಂಸ್ಥಾನಾಧಿಪತಿಗಳು ಸಾಮಾನ್ಯವಾಗಿ ಒಂದು ವರ್ಷ ತಮ್ಮ ನಾಡಿನಲ್ಲಿ, ಮರುವರ್ಷ ಎದೋವಿನಲ್ಲಿ ಇರಬೇಕು. ಅವರ ಹೆಂಡತಿ ಮಕ್ಕಳು ಸದಾ ಎದೋವಿನಲ್ಲಿಯೇ ಇರಬೇಕು. ಹಾದಿಯ ಕಟ್ಟೆಗಳಲ್ಲಿ ಕಾವಲಿನವರು ಎರಡನ್ನು ವಿಶೇಷವಾಗಿ ಹುಡುಕುತ್ತಿದ್ದರು: ಒಳಕ್ಕೆ ಬರುವ ಬಂದೂಕು, ಹೊರಕ್ಕೆ ಹೋಗುವ ಹೆಂಗಸು. ಮೊದಲನೆಯದು ದಂಗೆಯ ಸೂಚನೆ. ಎರಡನೆಯದು ಒತ್ತೆಯಾಳು ತಪ್ಪಿಸಿಕೊಳ್ಳುವ ಸೂಚನೆ.

ಈ ಬಿಗಿಯಿಂದ ಎರಡೂವರೆ ಶತಮಾನ ಬಹುಮಟ್ಟಿಗೆ ಶಾಂತಿ ನೆಲಸಿತು. ದೈಮ್ಯೋಗಳ ಪರಿವಾರಗಳ ಓಡಾಟದಿಂದ ರಸ್ತೆ, ಛತ್ರ, ಪೇಟೆಗಳು ಬೆಳೆದವು, ವರ್ತಕರು ಹಣವಂತರಾದರು. ಯುದ್ಧವಿಲ್ಲದ ಸಮುರಾಯಿ ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡೇ ಕಚೇರಿಯ ಲೆಕ್ಕ ಬರೆದನು. ಅಕ್ಕಿಯ ರೂಪದ ಸಂಬಳ ಸಾಲದೆ ಅದೇ ವರ್ತಕನ ಬಳಿ ಸಾಲಕ್ಕೆ ಕೈಚಾಚಿದನು.

1853ರಲ್ಲಿ ಅಮೆರಿಕದ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಎದೋ ಕೊಲ್ಲಿಗೆ ಬಂದನು. ಬಿರುದಿನ ಅರ್ಥವನ್ನು ಈಗ ಮತ್ತೆ ನೆನೆಯಿರಿ. ಪರಕೀಯರನ್ನು ಅಡಗಿಸಬೇಕಾದ ದಂಡನಾಯಕನಿಂದ ಅದು ಸಾಧ್ಯವಾಗಲಿಲ್ಲ. ಬಿರುದೇ ಆಪಾದನೆಯಾಯಿತು. ಚಕ್ರವರ್ತಿಯನ್ನು ಗೌರವಿಸಿ, ಪರಕೀಯರನ್ನು ಓಡಿಸಿ ಎಂಬ ಕೂಗು ಎದ್ದಿತು. 1867ರಲ್ಲಿ ಹದಿನೈದನೆಯ ತೊಕುಗಾವ ಶೋಗುನ್ ಯೊಶಿನೋಬು ಅಧಿಕಾರವನ್ನು ಚಕ್ರವರ್ತಿಗೆ ಒಪ್ಪಿಸಿದನು. 1868ರಲ್ಲಿ ಎದೋ ಟೋಕಿಯೋ ಆಯಿತು. 1876ರಲ್ಲಿ ಸಮುರಾಯಿಯ ಸೊಂಟದಿಂದ ಕತ್ತಿಯೂ ಇಳಿಯಿತು.

ಹೆಸರು ಅಳಿಯಿತು, ಅಭ್ಯಾಸ ಅಳಿಯಿತೇ? 1889ರ ರಾಜ್ಯಾಂಗ ಸೇನೆಯ ಪರಮಾಧಿಪತ್ಯವನ್ನು ಚಕ್ರವರ್ತಿಗೆ ಕೊಟ್ಟಿತು. ತಾವು ಅವನಿಗೆ ಮಾತ್ರ ಉತ್ತರವಾದಿಗಳು, ಮಂತ್ರಿಮಂಡಲಕ್ಕಲ್ಲ ಎಂದು ಸೇನಾನಿಗಳು ವಾದಿಸಿದರು. 1931ರಲ್ಲಿ ಮಂಚೂರಿಯದಲ್ಲಿದ್ದ ಜಪಾನೀ ಸೇನೆ ಟೋಕಿಯೋ ಸರ್ಕಾರದ ಒಪ್ಪಿಗೆಯಿಲ್ಲದೆಯೇ ದಂಡೆತ್ತಿತು. ಆ ದಾರಿ ಕೊನೆಗೊಂಡದ್ದು 1945ರ ಸರ್ವನಾಶದಲ್ಲಿ. 1947ರಲ್ಲಿ ಜಾರಿಗೆ ಬಂದ ಹೊಸ ರಾಜ್ಯಾಂಗವು ಪ್ರಭುತ್ವ ಪ್ರಜೆಗಳದೆಂದು ಸಾರಿತು. ಚಕ್ರವರ್ತಿಯನ್ನು ರಾಷ್ಟ್ರದ ಸಂಕೇತವೆಂದು ಕರೆದು, ಮಂತ್ರಿಗಳು ಸೇನೆಗೆ ಸೇರದ ನಾಗರಿಕರೇ ಆಗಿರಬೇಕೆಂದು ವಿಧಿಸಿತು.

ಯಾವುದೋ ದೇಶದಲ್ಲಿ ಸೇನಾನಿಯೊಬ್ಬನು ‘ತಾತ್ಕಾಲಿಕವಾಗಿ’ ಅಧಿಕಾರ ವಹಿಸಿಕೊಂಡನೆಂಬ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದಾಗ ಶೋಗುನರ ಕಥೆಯನ್ನು ನೆನೆಯಿರಿ. ಅವರ ಪದವಿಯೂ ಮೊದಲು ತಾತ್ಕಾಲಿಕವೇ ಆಗಿತ್ತು. ಮುದ್ರೆ ಯಾರದು ಎಂದು ಕೇಳಿದರೆ ಸಾಲದು. ಅದನ್ನು ಒತ್ತುವ ಕೈ ಯಾರದು, ಆ ಕೈ ಯಾರಿಗೆ ಲೆಕ್ಕ ಒಪ್ಪಿಸಬೇಕು ಎಂದೂ ಕೇಳಬೇಕು.