ಒಂದೇ ಪ್ರಭೇದದ ಮೀನುಗಳು ಒಂದೇ ತೊಟ್ಟಿಯಲ್ಲಿ: ಮೈಸೂರಿನ ಉಪ್ಪುನೀರಿನ ಅಕ್ವೇರಿಯಂಗಳನ್ನು ಕುರಿತು

ಮೈಸೂರಿನಲ್ಲಿ ಕಡಲ ಮೀನು ಸಾಕುವವರು ಕಡಲನ್ನೇ ಮನೆಯಲ್ಲಿ ತಯಾರಿಸಿಕೊಳ್ಳಬೇಕು. ನಲ್ಲಿಯಲ್ಲಿ ಬರುವುದು ಕಾವೇರಿ, ಕಬಿನಿಗಳ ಕ್ಲೋರಿನ್ ಬೆರೆತ ನೀರು. ಅದನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಪ್ಯಾಕೆಟ್ಟಿನ ಸಮುದ್ರ ಲವಣ ಕರಗಿಸಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶಕ್ಕೆ ತರುತ್ತಾರೆ. ನೀರಿನ ವಿಷಯದಲ್ಲಿ ಇಷ್ಟು ಜೋಪಾನ ಮಾಡುವವರೂ ಮೀನು ಕೊಳ್ಳುವಾಗ ಒಂದೇ ಅಳತೆಯ ಐದಾರು ಕ್ಲೌನ್ ಮರಿಗಳನ್ನು ಆರಿಸಿ ತಂದುಬಿಡುತ್ತಾರೆ. ಸಮ ಗಾತ್ರದ ಗುಂಪು ಕಣ್ಣಿಗೆ ಚೆಂದ, ಆದರೆ ಜಗಳದ ಬೀಜ ಇರುವುದೂ ಅಲ್ಲಿಯೇ. ಒಂದೇ ಪ್ರಭೇದದ ಮೀನುಗಳು ಒಟ್ಟಿಗೆ ಬಾಳಲು ಅವುಗಳ ನಡುವಿನ ಗಾತ್ರದ ಅಂತರ ಎಷ್ಟು, ಸೋತ ಮೀನಿಗೆ ಸರಿದುಹೋಗಲು ಜಾಗ ಇದೆಯೇ ಎಂಬುದನ್ನು ಸಂಖ್ಯೆಗಿಂತ ಮೊದಲು ನೋಡಬೇಕೆಂದು ನನ್ನ ವಾದ.

ಹವಳದ ದಿಬ್ಬಗಳ ಕಡುಬಣ್ಣದ ಮೀನುಗಳು ಬೇರೆಯವುಗಳಿಗಿಂತ ತಮ್ಮ ಜಾತಿಯವುಗಳ ಮೇಲೆಯೇ ಹೆಚ್ಚು ಎರಗುತ್ತವೆ ಎಂದು ಕೊನ್ರಾಡ್ ಲೊರೆಂಜ್ 1963ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಒಂದೇ ಆಹಾರ, ಒಂದೇ ಬಗೆಯ ಬಿಲ, ಒಂದೇ ಬಗೆಯ ಸಂಗಾತಿ ಬೇಕಾದವರಲ್ಲವೇ ನಿಜವಾದ ಪೈಪೋಟಿ? ನಮ್ಮ ಕರಾವಳಿಯ ಹವಳದ ನೆಲೆಯಾದ ಮುರ್ಡೇಶ್ವರದಾಚೆಯ ನೇತ್ರಾಣಿಯಂಥ ಕಡೆ ಸೋತ ಮೀನು ಪಕ್ಕದ ಬಂಡೆಗೆ ಹೋಗಿಬಿಡಬಹುದು. ನಾಲ್ಕಡಿ ಗಾಜಿನ ತೊಟ್ಟಿಯಲ್ಲಿ ಓಡಿದ ಮೀನು ಮತ್ತೆ ಅಟ್ಟಿದವನ ಮುಂದೆಯೇ ಬಂದು ನಿಲ್ಲುತ್ತದೆ.

ಕ್ಲೌನ್ ಮೀನಿನ ಸಂಸಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದು ಕಡಲ ಹೂವಿನಲ್ಲಿ (ಅನಿಮೋನ್) ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸಂತಾನಕ್ಕೆ ಇಳಿಯದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಕಿರಿಯವುಗಳಲ್ಲಿ ದೊಡ್ಡದು ಗಂಡಿನ ಸ್ಥಾನಕ್ಕೆ ಏರುತ್ತದೆ. ಫ್ರಿಕೆ ದಂಪತಿ 1977ರಲ್ಲಿ ಇದನ್ನು ಪ್ರಕಟಿಸಿದರು. ಪೀಟರ್ ಬಸ್ಟನ್ ಪಪುವಾ ನ್ಯೂಗಿನಿಯ ಮಡಾಂಗ್ ಬಳಿ ನಡೆಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದುದು. ಕಿರಿಯ ಮೀನು ಮೇಲಿನದಕ್ಕೆ ಸಾಟಿಯಾಗದಂತೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ. ಸಾಟಿಯಾಗತೊಡಗಿದರೆ ಹೊರದಬ್ಬಿಸಿಕೊಳ್ಳುವ ಅಪಾಯವಿದೆ. ಅಕ್ಕಪಕ್ಕದ ಎರಡು ಸ್ಥಾನಗಳ ಗಾತ್ರದ ಅನುಪಾತ ಸುಮಾರು 1.26ರ ಸುತ್ತ ನಿಲ್ಲುವುದನ್ನು ಅವರು ಮೈಕಲ್ ಕ್ಯಾಂಟ್ ಜೊತೆಗೂಡಿ 2006ರಲ್ಲಿ ತೋರಿಸಿದರು. ಕಡಲಿನ ಈ ಶಾಂತಿ ಅಸಮಾನತೆಯ ಮೇಲೆ ನಿಂತಿದೆ. ಸಮ ಗಾತ್ರದ ಮರಿಗಳನ್ನು ಕೊಳ್ಳುವವರು ಆ ಆಧಾರವನ್ನೇ ಕಳಚಿದಂತಾಗುತ್ತದೆ.

ಗಾಜಿಗೆ ಮುಖವಿಟ್ಟು ನೋಡಿದರೆ ಈ ವ್ಯವಸ್ಥೆ ಕಾಣುತ್ತದೆ. ದೊಡ್ಡದು ಹತ್ತಿರ ಬಂದಾಗ ಚಿಕ್ಕದು ಪಕ್ಕಕ್ಕೆ ವಾಲಿ, ತಲೆಯಿಂದ ಬಾಲದವರೆಗೂ ನಡುಗುತ್ತದೆ. ಅದು ರೋಗವೆಂದು ಹೆದರಿ ಔಷಧಿ ಹಾಕುವವರಿದ್ದಾರೆ. ನಿಜಕ್ಕೆ ಅದು ಶರಣಾಗತಿ, ಗುಂಪು ಸರಿಯಾಗಿದೆ ಎಂಬುದರ ಗುರುತು. ನಡುಗದೆ ಎದುರಿಗೆ ನಿಂತರೆ, ಈಜುರೆಕ್ಕೆಯ ಅಂಚು ಹರಿದಿದ್ದರೆ, ಒಂದು ಮೀನು ಪಂಪಿನ ಕೊಳವೆಯ ಹಿಂದಿನ ಮೂಲೆಯಿಂದ ಊಟಕ್ಕೂ ಈಚೆ ಬಾರದಿದ್ದರೆ ಆಗ ಎಚ್ಚರವಾಗಬೇಕು. ‘ಆರು ತಿಂಗಳು ಚೆನ್ನಾಗಿದ್ದವು, ಈಗ ಏನಾಯಿತೋ’ ಎಂಬ ದೂರಿಗೂ ಇಲ್ಲಿ ಉತ್ತರವಿದೆ. ಮರಿಕೇಂದ್ರಗಳಲ್ಲಿ ಮರಿಗಳು ಕಿಕ್ಕಿರಿದೇ ಬೆಳೆಯುತ್ತವೆ, ಆಗ ಕಾದಾಟ ಕಡಿಮೆ. ಅವುಗಳಲ್ಲಿ ಎರಡು ಜೋಡಿಯಾದ ಮೇಲೆ ಉಳಿದವಕ್ಕೆ ಜಾಗವಿಲ್ಲ.

ಆಂತಿಯಸ್ ಮೀನುಗಳ ಕ್ರಮ ಇದಕ್ಕೆ ತಿರುಗುಮುರುಗು: ಒಂದು ಗಂಡು, ಹಲವು ಹೆಣ್ಣು. ಗಂಡನ್ನು ತೆಗೆದರೆ ಹೆಣ್ಣೊಂದು ಗಂಡಾಗುತ್ತದೆ ಎಂದು ಲೆವ್ ಫಿಶೆಲ್ಸನ್ 1970ರಲ್ಲೇ ತೋರಿಸಿದ್ದಾರೆ. ಆದ್ದರಿಂದ ಗಂಡು ಬೇಕೆಂದು ಎರಡನೆಯದನ್ನು ತರುವ ಅಗತ್ಯವಿಲ್ಲ, ತರಲೂಬಾರದು. ಹಸಿರು ಕ್ರೋಮಿಸ್‌ಗಳು ಕಡಲಲ್ಲಿ ದೊಡ್ಡ ಹಿಂಡಾಗಿರುತ್ತವೆ. ತೊಟ್ಟಿಯಲ್ಲಿ ಒಂದೊಂದಾಗಿ ಕಡಿಮೆಯಾಗುತ್ತ ಹೋಗುವುದು ಸಾಕುವವರಿಗೆಲ್ಲ ಗೊತ್ತಿರುವ ಸಂಕಟ. ಕಚ್ಚಾಟದ ಜೊತೆಗೆ ಯುರೊನೀಮಾ ಎಂಬ ಏಕಕೋಶಿಯ ಸೋಂಕೂ ಅವನ್ನು ಕೊಲ್ಲುತ್ತದೆ.

ಮರೆಯ ಜಾಗಗಳ ಪ್ರಶ್ನೆ ಇಲ್ಲಿ ಕಾನೂನಿಗೂ ತಗಲುತ್ತದೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವಂತಿಲ್ಲ, ಅದು ಸರಿಯಾದುದೇ. ಹಾಗಾಗಿ ಒಣ ಕಲ್ಲು, ಸೆರಾಮಿಕ್ ತುಂಡುಗಳಿಂದಲೇ ದಿಬ್ಬ ಕಟ್ಟಬೇಕು. ಒಂದೇ ಗೋಡೆಯಂತೆ ಪೇರಿಸದೆ, ನಡುವೆ ದಾರಿ ಬಿಟ್ಟು ಎರಡು ಮೂರು ಗುಡ್ಡೆ ಮಾಡಿದರೆ ಒಂದು ಮೀನಿನ ಕಣ್ಣಿಂದ ಇನ್ನೊಂದು ಮರೆಯಾಗಬಲ್ಲದು.

ಮೈಸೂರಿಗೇ ಸೇರಿದ ಇನ್ನೊಂದು ಅಂಶವಿದೆ. ಸುಮಾರು 760 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ. ಅದೇ ಉಷ್ಣತೆಯ ನೀರು ಮಂಗಳೂರಿನಲ್ಲಿ ಹಿಡಿದಿಡುವುದಕ್ಕಿಂತ ಶೇಕಡಾ 8ರಿಂದ 9ರಷ್ಟು ಕಡಿಮೆ ಆಮ್ಲಜನಕವನ್ನು ಇಲ್ಲಿ ಹಿಡಿದಿಡುತ್ತದೆ. ಏಪ್ರಿಲ್ ಬಿಸಿಲಿಗೆ ನೀರು ಕಾದರೆ ಅದು ಇನ್ನೂ ಇಳಿಯುತ್ತದೆ. ಅಟ್ಟಿಸಿಕೊಂಡು ಏದುಸಿರು ಬಿಡುತ್ತಿರುವ ಮೀನಿಗೆ ಕರೆಂಟ್ ಹೋಗಿ ಪಂಪ್ ನಿಂತ ಒಂದೆರಡು ಗಂಟೆಯೇ ಸಾಕಾಗಬಹುದು. ಹೊಸ ಮೀನು ಬಿಡುವುದನ್ನು ಬೇಸಿಗೆ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಜಗಳ ಹತ್ತಿದಾಗ ಜಗಳಗಂಟಿಯನ್ನೇ ಹೊರಗೆ ತೆಗೆಯಬೇಕೆನ್ನಿಸುತ್ತದೆ. ಕ್ಲೌನ್‌ಗಳಲ್ಲಿ ಹಾಗೆ ಮಾಡಿದರೆ ಕೆಳಗಿನವು ಒಂದೊಂದು ಮೆಟ್ಟಿಲು ಏರಿ, ಕಾದಾಟ ಮೊದಲಿನಿಂದ ಶುರುವಾಗುತ್ತದೆ. ಜೋಡಿಯನ್ನು ಉಳಿಸಿ ಮಿಕ್ಕವನ್ನು ಬೇರೆ ಮಾಡುವುದೇ ದಾರಿ, ಅದಕ್ಕಾಗಿ ಉಪ್ಪುನೀರು ತುಂಬಿದ ಎರಡನೆಯ ತೊಟ್ಟಿ ಮರಿಗಳನ್ನು ಕೊಳ್ಳುವ ಮೊದಲೇ ಮನೆಯಲ್ಲಿ ಸಿದ್ಧವಿರಬೇಕು.