ಹಳೇ ಬೆಳ್ಳಿ ಫಿಲ್ಲಿಂಗ್ ತೆಗೆಸಬೇಕಾ, ಬಿಡಬೇಕಾ?

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ದಾಟಿದರೆ ನಮ್ಮ ಚಂದಾಪುರ. ಫ್ಯಾಕ್ಟರಿ ಕೆಲಸಕ್ಕೆಂದು ಬೇರೆ ಬೇರೆ ಜಿಲ್ಲೆಗಳಿಂದ ಬಂದು ಇಲ್ಲೇ ಮನೆ ಮಾಡಿಕೊಂಡವರು ಬಹಳ. ಅವರಲ್ಲಿ ಐವತ್ತು ದಾಟಿದವರ ದವಡೆ ಹಲ್ಲು ನೋಡಿ, ಎಷ್ಟೋ ಜನಕ್ಕೆ ಕಪ್ಪಗಾದ ಬೆಳ್ಳಿ ಫಿಲ್ಲಿಂಗ್ ಇರುತ್ತದೆ. "ಸಿಮೆಂಟ್ ಹಾಕಿಸಿದ್ದು" ಅಂತಾರೆ. ಈಗ ಅವರ ಪ್ರಶ್ನೆ ಒಂದೇ: "ಇದು ಹಳೇದಾಯ್ತಂತೆ, ಪಾದರಸ ಬೇರೆ ಇದೆಯಂತೆ... ತೆಗೆಸಿ ಬಿಳೀದು ಹಾಕಿಸ್ಬೇಕಾ?"

ಈ ಜಗಳ ನಿನ್ನೆ ಮೊನ್ನೆಯದಲ್ಲ ಗೆಳೆಯರೇ, ಸುಮಾರು 200 ವರ್ಷದ್ದು.

ಮೊದಲು ಹುಳದ ಕಥೆ. "ಹಲ್ಲಿಗೆ ಹುಳ ಹತ್ತಿದೆ" ಅಂತ ನಮ್ಮಲ್ಲಿ ಮಾತ್ರ ಅಲ್ಲ, ಜಗತ್ತಿನ ಎಷ್ಟೋ ಕಡೆ ಜನ ನಂಬಿದ್ದರು. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ತನ್ನ ಪುಸ್ತಕದಲ್ಲಿ ಈ ಹುಳವನ್ನು ಒಪ್ಪಲಿಲ್ಲ. ಬಾಯಲ್ಲಿ ಉಳಿದ ತಿಂಡಿಯನ್ನು ಸೂಕ್ಷ್ಮಾಣುಗಳು ಹುಳಿ ಮಾಡಿ, ಆ ಆಮ್ಲ ಹಲ್ಲನ್ನು ತಿನ್ನುತ್ತದೆ ಎಂದು ಮಿಲ್ಲರ್ ವಿವರಿಸಿದ್ದು 1890ರಲ್ಲಿ.

ಆದರೆ ಕಾರಣ ತಿಳಿಯುವ ಮೊದಲೇ ಕುಳಿ ತುಂಬಿಸುವ ಕೆಲಸ ಶುರುವಾಗಿತ್ತು. 1833ರಲ್ಲಿ ಕ್ರಾಕೋರ್ ಎಂಬ ಸೋದರರು ಯೂರೋಪಿನಿಂದ ನ್ಯೂಯಾರ್ಕಿಗೆ ಬಂದು, ಬೆಳ್ಳಿ ನಾಣ್ಯದ ಪುಡಿಯನ್ನು ಪಾದರಸದಲ್ಲಿ ಕಲಸಿ ಹಲ್ಲಿಗೆ ಒತ್ತತೊಡಗಿದರು. ಹುಳುಕನ್ನೂ ಕೆರೆದು ತೆಗೆಯುತ್ತಿರಲಿಲ್ಲ! ಚಿನ್ನದ ಹಾಳೆ ತುಂಬುತ್ತಿದ್ದ ಅಲ್ಲಿನ ಡಾಕ್ಟರುಗಳು ಸಿಡಿದೆದ್ದರು. ಅವರ ಸಂಘ, ಪಾದರಸ ಮುಟ್ಟುವುದಿಲ್ಲ ಅಂತ ಸದಸ್ಯರಿಂದ ಬರೆಸಿಕೊಂಡಿತು. ಕೊನೆಗೆ 1856ರಲ್ಲಿ ಮುಚ್ಚಿಹೋಗಿದ್ದು ಆ ಸಂಘವೇ. ಅಗ್ಗದ, ಗಟ್ಟಿ ಬೆಳ್ಳಿ ಫಿಲ್ಲಿಂಗ್ ಉಳಿಯಿತು.

1890ರ ದಶಕದಲ್ಲಿ ಜಿ.ವಿ. ಬ್ಲ್ಯಾಕ್ ಆ ಮಿಶ್ರಣಕ್ಕೆ ಸರಿಯಾದ ಅಳತೆ ಕೊಟ್ಟ. ಕುಳಿ ಕೊರೆಯುವುದಕ್ಕೂ ನಿಯಮ ಮಾಡಿದ. ಬೆಳ್ಳಿ ಹಲ್ಲಿಗೆ ಅಂಟುವುದಿಲ್ಲ, ಸಿಕ್ಕಿಕೊಂಡು ನಿಲ್ಲಬೇಕು. ಅದಕ್ಕೇ ಕುಳಿಯ ಒಳಗನ್ನು ಬಾಯಿಗಿಂತ ಅಗಲ ಮಾಡಬೇಕು. ಮುಂದೆ ಹುಳುಕು ಹತ್ತದಿರಲಿ ಅಂತ ಪಕ್ಕದ ಒಳ್ಳೇ ಭಾಗವನ್ನೂ ಕೊರೆಯಬೇಕು! ನಮ್ಮಲ್ಲಿ ಮಣಿಪಾಲದ ದಂತ ಕಾಲೇಜು ಶುರುವಾಗಿದ್ದು 1960ರ ದಶಕದಲ್ಲಿ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ. ಆಗ ದಂತ ವಿದ್ಯಾರ್ಥಿಗಳಿಗೆ ಬ್ಲ್ಯಾಕನ ನಿಯಮವೇ ಪಾಠ. ನಮ್ಮ ಅಪ್ಪ-ಅಮ್ಮಂದಿರ ಬಾಯಲ್ಲಿರುವುದು ಆ ಪಾಠವೇ.

1955ರಲ್ಲಿ ಬುವೊನೊಕೋರ್, ಆಮ್ಲ ಸವರಿದರೆ ಹಲ್ಲಿನ ಮೇಲೆ ರೆಸಿನ್ ಚೆನ್ನಾಗಿ ಅಂಟುತ್ತದೆ ಎಂದು ತೋರಿಸಿದ. 1960ರ ದಶಕದಲ್ಲಿ ಬೋವೆನ್‌ನ ರೆಸಿನ್‌ನಿಂದ ಬಿಳೀ ಫಿಲ್ಲಿಂಗ್ ಬಂತು. ಅಂಟುವ ವಸ್ತು ಆದ್ದರಿಂದ ಹುಳುಕಿನಷ್ಟೇ ಕೊರೆದರೆ ಸಾಕು. ಒಳ್ಳೆಯದೇ... ಆದರೆ ಒಮ್ಮೆ ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲವಲ್ಲ!

ವಿಷಯ ಇರುವುದು ಇಲ್ಲೇ. ಪ್ರತಿ ಸಲ ಫಿಲ್ಲಿಂಗ್ ಬದಲಿಸಿದಾಗಲೂ ಒಳ್ಳೇ ಹಲ್ಲು ಸ್ವಲ್ಪ ಹೋಗುತ್ತದೆ. ಚಿಕ್ಕದು ದೊಡ್ಡದಾಗುತ್ತದೆ, ದೊಡ್ಡದು ರೂಟ್ ಕೆನಾಲ್ ಆಗುತ್ತದೆ, ಮೇಲೊಂದು ಕ್ಯಾಪ್, ಕೊನೆಗೆ ಇಕ್ಕಳ. ಬ್ರಿಟನ್ನಿನ ಎಲ್ಡರ್ಟನ್ 1980ರ ದಶಕದಲ್ಲೇ ಈ ಸುಳಿಯ ಬಗ್ಗೆ ಎಚ್ಚರಿಸಿದ್ದರು.

ಹಾಗಾದರೆ ಪಾದರಸ? ಮಿನಮಾಟ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು 2034ರ ಹೊತ್ತಿಗೆ ಬೆಳ್ಳಿ ಫಿಲ್ಲಿಂಗ್ ಬಳಕೆ ನಿಲ್ಲಿಸಲು ಒಪ್ಪಿದವು. ಇದು ಹೊಸದಾಗಿ ಹಾಕುವ ಮಾತು, ಬಾಯಲ್ಲಿರುವುದನ್ನು ಕೀಳಿಸಿ ಅಂತ ಅಲ್ಲ. ಗರ್ಭಿಣಿಯರು, ಮಕ್ಕಳು, ಕಿಡ್ನಿ ಅಥವಾ ನರದ ಕಾಯಿಲೆ ಇರುವವರಿಗೆ ಸಾಧ್ಯವಾದಷ್ಟು ಬೇರೆ ವಸ್ತು ಬಳಸಿ ಎಂದು 2020ರಲ್ಲಿ ಹೇಳಿದ ಅಮೆರಿಕದ ಎಫ್‌ಡಿಎ, ಚೆನ್ನಾಗಿರುವ ಹಳೇ ಫಿಲ್ಲಿಂಗನ್ನು ವೈದ್ಯಕೀಯ ಕಾರಣವಿಲ್ಲದೆ ತೆಗೆಯಬೇಡಿ ಎಂದೂ ಹೇಳಿದೆ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ.

ಯಾವಾಗ ಬದಲಿಸಬೇಕು ಅಂತೀರಾ? ಅಂಚಿನಲ್ಲೋ ಅಡಿಯಲ್ಲೋ ಹೊಸ ಹುಳುಕು ಕಂಡರೆ. ಫಿಲ್ಲಿಂಗ್ ಅಥವಾ ಹಲ್ಲು ಸೀಳಿದ್ದರೆ. ಅಲುಗಾಡುತ್ತಿದ್ದರೆ. ಕಚ್ಚಿದಾಗ ನೋವು, ತಣ್ಣಗಿನದಕ್ಕೆ ಬಿಡದ ಜುಮ್ ಇದ್ದರೆ, ಅನ್ನದ ಅಗುಳು ಅಲ್ಲೇ ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ತೋರಿಸಿ. ಅಂಚಿನ ಚೂರು ಮುರಿದಿದ್ದರೆ ಎಷ್ಟೋ ಸಲ ಅಷ್ಟನ್ನೇ ರಿಪೇರಿ ಮಾಡಬಹುದು. ಬರೀ ಕಪ್ಪು ಬಣ್ಣ, ಬರೀ ವಯಸ್ಸು ಕಾರಣವಲ್ಲ. ಹತ್ತು-ಹದಿನೈದು ವರ್ಷ ದಾಟಿ ಇನ್ನೂ ಗಟ್ಟಿಯಾಗಿರುವ ಬೆಳ್ಳಿ ಫಿಲ್ಲಿಂಗ್ ಅಪರೂಪವೇನಲ್ಲ.

ಹಾಗಾಗಿ ಇನ್ನೊಮ್ಮೆ ಯಾರಾದರೂ "ಬದಲಿಸಿಬಿಡೋಣ" ಅಂದರೆ ಸುಮ್ಮನೆ ಕೇಳಿ: "ಹುಳುಕು ಎಲ್ಲಿದೆ ಡಾಕ್ಟ್ರೇ, ಎಕ್ಸ್‌ರೇಲಿ ತೋರಿಸ್ತೀರಾ?" ಒಳ್ಳೇ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದಲೇ ತೋರಿಸುತ್ತಾರೆ :)