ನಿಘಂಟಿನ ಕ್ರಮ ಮುರಿದವರು

ಇಂಗ್ಲಿಷ್ ನಿಘಂಟಿನಲ್ಲಿ ‘ಫ್ಲವರ್’ ಹುಡುಕುವುದು ಮಕ್ಕಳಿಗೂ ಗೊತ್ತು. ಎಫ್ ವಿಭಾಗ ತೆರೆದು ಎಲ್ ಕಡೆಗೆ ಸರಿದರೆ ಪದ ಸಿಕ್ಕಿತು. ಆದರೆ ಎ, ಇ, ಐ, ಓ, ಯು ಎಂಬ ಐದು ಸ್ವರಗಳೂ ಇದೇ ಅನುಕ್ರಮದಲ್ಲಿ ಬರುವ ಪದ ಯಾವುದೆಂದು ಕೇಳಿದರೆ ಅದೇ ನಿಘಂಟು ಮೂಕವಾಗುತ್ತದೆ. ‘ಫೆಸೀಷಸ್’, ‘ಆಬ್‌ಸ್ಟೀಮಿಯಸ್’ ಎಂಬ ಉತ್ತರಗಳು ಅದರೊಳಗೇ ಇವೆ. ಆದರೆ ಅಲ್ಲಿಗೆ ದಾರಿಯಿಲ್ಲ, ಏಕೆಂದರೆ ನಿಘಂಟು ಪದಗಳನ್ನು ಮೊದಲಕ್ಷರದಿಂದಷ್ಟೇ ಗುರುತಿಸುತ್ತದೆ.

ಪದದ ನಡುವನ್ನೋ ಕೊನೆಯನ್ನೋ ಚೆಲ್ಲಾಪಿಲ್ಲಿಯಾದ ಅಕ್ಷರಗಳನ್ನೋ ಹಿಡಿದು ಪದವನ್ನು ತಲುಪುವ ದಾರಿಗಳನ್ನು ಇಂಗ್ಲಿಷಿನವರು ಸುಮಾರು ಎರಡೂವರೆ ಶತಮಾನಗಳಿಂದ ಕಟ್ಟುತ್ತ ಬಂದಿದ್ದಾರೆ. ಇದು ಕಂಪ್ಯೂಟರಿನ ವೇಗ ಕೊಟ್ಟ ವರ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇತಿಹಾಸ ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ಯಾರೋ ಒಬ್ಬರು ಪದಪಟ್ಟಿಯನ್ನು ಹೊಸ ಕ್ರಮದಲ್ಲಿ ಜೋಡಿಸಿದಾಗಲೆಲ್ಲ ಈ ವಿದ್ಯೆ ಒಂದು ಹೆಜ್ಜೆ ಮುಂದೆ ಹೋಗಿದೆ.

ಮೊದಲ ದೊಡ್ಡ ಹೆಜ್ಜೆ ಇಟ್ಟವನು ಜಾನ್ ವಾಕರ್. ಲಂಡನ್ನಿನ ಈತ ನಟನಾಗಿದ್ದು, ಬಳಿಕ ಉಚ್ಚಾರಣೆ ಕಲಿಸುವ ಮೇಷ್ಟರಾದವನು. 1775ರಲ್ಲಿ ಬಂದ ಅವನ ನಿಘಂಟಿನಲ್ಲಿ ಪದಗಳು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿಕೊಂಡಂತೆ ಅನುಕ್ರಮವಾಗಿ ನಿಂತಿವೆ. ಪ್ರಾಸ ಹುಡುಕುವ ಕವಿಗಳಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಕಚೇರಿಯಲ್ಲೂ ಇಪ್ಪತ್ತನೇ ಶತಮಾನದಲ್ಲಿ ಇದೇ ಕೆಲಸ ನಡೆಯಿತು. ಪದಗಳನ್ನು ಹಿಂದುಮುಂದಾಗಿ ಬೆರಳಚ್ಚು ಮಾಡಿ, ಕಾರ್ಡುಗಳಲ್ಲಿ ಜೋಡಿಸಿ, ಡ್ರಾಯರುಗಳಲ್ಲಿ ತುಂಬಿಟ್ಟರು. ಒಂದೇ ಪ್ರತ್ಯಯದಿಂದ ಮುಗಿಯುವ ಪದಗಳೆಲ್ಲ ಅಲ್ಲಿ ಒಂದೆಡೆ ಸಿಗುತ್ತಿದ್ದವು. ಬೆರಳಚ್ಚುಗಾರರ ಈ ತಾಳ್ಮೆಗೆ ತಕ್ಕ ಗೌರವ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಇಷ್ಟರಲ್ಲಿ ಕವಿಗಳ ಅಗತ್ಯ ಜನಸಾಮಾನ್ಯರ ಹುಚ್ಚೂ ಆಗಿತ್ತು. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಪ್ರಕಟಿಸಿದ. ಮೂರನೆಯ ಮನೆಯಲ್ಲಿ ಕೆ, ಕೊನೆಯಲ್ಲಿ ಟಿ, ಒಟ್ಟು ಆರು ಅಕ್ಷರ ಎಂಬ ಬಗೆಯ ಪ್ರಶ್ನೆ ಮನೆಮನೆಗೆ ಬಂತು. ಅದಕ್ಕೆಂದೇ ಅಕ್ಷರಗಳ ಸಂಖ್ಯೆಯ ಪ್ರಕಾರ ಜೋಡಿಸಿದ ಪದಕೋಶಗಳು ಹುಟ್ಟಿದವು. 1930ರ ದಶಕದಲ್ಲಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಲ್ಲೇ ಎಣಿಸಿ ಒಂದು ಆಟ ಕಟ್ಟಿದ. 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು. ಪ್ರಶ್ನೆಯ ಸ್ವರೂಪ ಬದಲಾದದ್ದು ಇಲ್ಲಿ. ಆಟಗಾರನ ಕೈಯಲ್ಲಿ ಏಳು ಬಿಲ್ಲೆಗಳಿವೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಲ್ಲ.

ಕಂಪ್ಯೂಟರ್ ಯುಗದ ಉಪಕರಣಕ್ಕೂ ಈ ಪ್ರಶ್ನೆ ಕಠಿಣವೇ ಆಗಿತ್ತು. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1973ರ ಸುಮಾರಿಗೆ ‘ಗ್ರೆಪ್’ ಎಂಬ ಕಿರುತಂತ್ರಾಂಶ ಬರೆದರು. ಯುನಿಕ್ಸ್ ಕಾರ್ಯವ್ಯವಸ್ಥೆಯ ಯಂತ್ರದಲ್ಲಿದ್ದ ಪದಪಟ್ಟಿಯ ಮೇಲೆ ಅದನ್ನು ಓಡಿಸಿದರೆ, ಕ್ಯೂ ಬಳಿಕ ಯು ಬರದ ಪದಗಳನ್ನು ಕ್ಷಣದಲ್ಲಿ ಹೆಕ್ಕಬಹುದು. ಅಕ್ಷರಗಳ ಕ್ರಮ ಗೊತ್ತಿದ್ದಾಗ ಗ್ರೆಪ್‌ಗೆ ಸಾಟಿಯಿಲ್ಲ. ಕ್ರಮ ಗೊತ್ತಿಲ್ಲದೆ ಬರಿಯ ಅಕ್ಷರಗಳಷ್ಟೇ ಕೈಯಲ್ಲಿದ್ದರೆ, ಒಂದೊಂದು ಅಕ್ಷರಕ್ಕೂ ಒಂದೊಂದು ಸಲ ಪಟ್ಟಿಯನ್ನು ಜಾಲಿಸಬೇಕು.

ಈ ಗಂಟನ್ನು ಬಿಡಿಸುವ ಉಪಾಯವನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಬೆಂಟ್ಲಿ 1986ರ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ವಿವರಿಸಿದರು. ಪದದೊಳಗಿನ ಅಕ್ಷರಗಳನ್ನೇ ಎ-ಬಿ-ಸಿ ಕ್ರಮದಲ್ಲಿ ಜೋಡಿಸಿಬಿಡಿ. ‘ಸ್ಟಾಪ್’, ‘ಪಾಟ್ಸ್’, ‘ಟಾಪ್ಸ್’, ‘ಸ್ಪಾಟ್’, ‘ಪೋಸ್ಟ್’ ಎಲ್ಲವೂ ಓ-ಪಿ-ಎಸ್-ಟಿ ಎಂಬ ಒಂದೇ ಗುರುತಿಗೆ ಇಳಿಯುತ್ತವೆ. ಇಡೀ ಪಟ್ಟಿಯನ್ನು ಆ ಗುರುತುಗಳ ಪ್ರಕಾರ ಜೋಡಿಸಿದರೆ ಒಂದೇ ಅಕ್ಷರಗಳ ಪದಗಳು ತಾವಾಗಿ ಅಕ್ಕಪಕ್ಕ ಬಂದು ಕೂರುತ್ತವೆ. ಟಾಮ್ ಕಾರ್ಗಿಲ್ ಎಂಬವರು ಇದನ್ನು ಕೈಯನ್ನು ಮೊದಲು ಅಡ್ಡಡ್ಡ, ಆಮೇಲೆ ಉದ್ದುದ್ದ ಬೀಸಿ ತೋರಿಸಿದರೆಂದು ಬೆಂಟ್ಲಿ ನೆನೆಯುತ್ತಾರೆ. ಈ ಕ್ಷೇತ್ರದಲ್ಲಿ ಇದಕ್ಕಿಂತ ಚೆಲುವಾದ ವಿಚಾರ ನನಗೆ ಕಂಡಿಲ್ಲ. ಸ್ಕ್ರ್ಯಾಬಲ್ ಪಂಟರು ಇವತ್ತಿಗೂ ಪದಗಳನ್ನು ಹೀಗೆ ಅಕ್ಷರಕ್ರಮಕ್ಕೆ ಇಳಿಸಿಕೊಂಡೇ ಅಭ್ಯಾಸ ಮಾಡುತ್ತಾರೆ. ಫ್ರೆಂಚ್ ಮಾತಾಡಲು ಬಾರದ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವಪಟ್ಟ ಗೆದ್ದದ್ದು ಅರ್ಥದ ಹಂಗಿಲ್ಲದ ಅಕ್ಷರಜ್ಞಾನದಿಂದ.

ಅಷ್ಟರಲ್ಲಿ ಪದಪಟ್ಟಿಯನ್ನು ಮರದಂತೆ ಕಟ್ಟುವ ದಾರಿಯೂ ಬೆಳೆದಿತ್ತು. ಒಂದೇ ರೀತಿ ಶುರುವಾಗುವ ಪದಗಳಿಗೆ ಒಂದೇ ಕಾಂಡ, ಬೇರೆಯಾಗುವ ಕಡೆ ಕವಲು. 1988ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಆ್ಯಂಡ್ರೂ ಆಪೆಲ್ ಮತ್ತು ಗೈ ಜೇಕಬ್‌ಸನ್ ಒಂದೇ ರೀತಿ ಮುಗಿಯುವ ಕವಲುಗಳನ್ನೂ ಸೇರಿಸಿ ಹೆಣೆದರು. ಸುಮಾರು 94 ಸಾವಿರ ಪದಗಳ ಮರದಲ್ಲಿ 1,17,150 ಗಂಟುಗಳಿದ್ದದ್ದು 19,853ಕ್ಕೆ ಇಳಿಯಿತು. ಕೈಯಲ್ಲಿಲ್ಲದ ಅಕ್ಷರದ ಕವಲಿಗೆ ಯಂತ್ರ ಹೋಗುವುದೇ ಇಲ್ಲವಾದ್ದರಿಂದ ಅವರ ಸ್ಕ್ರ್ಯಾಬಲ್ ತಂತ್ರಾಂಶ ಬಹಳ ಚುರುಕಾಗಿತ್ತು.

2021ರ ಕೊನೆಗೆ ಐದಕ್ಷರದ ಪದ ಊಹಿಸುವ, ಜೋಶ್ ವಾರ್ಡಲ್ ಅವರ ವರ್ಡಲ್ ಆಟ ಲೋಕವನ್ನೆಲ್ಲ ಆವರಿಸಿದಾಗ ಹಳೆಯ ಪ್ರಶ್ನೆಗಳು ಮತ್ತೆ ಜೀವ ತಳೆದವು. ಒಂದು ಅಕ್ಷರವೂ ಮರುಕಳಿಸದಂತೆ ಐದಕ್ಷರದ ಐದು ಪದ ಸಿಗುತ್ತವೆಯೇ ಎಂದು ಗಣಿತದ ಹಾಸ್ಯಗಾರ ಮ್ಯಾಟ್ ಪಾರ್ಕರ್ ಹುಡುಕಹೊರಟರು. ಅವರ ಕಂಪ್ಯೂಟರ್ ಸುಮಾರು ಒಂದು ತಿಂಗಳು ಓಡಿತು. ಅದನ್ನು ನೋಡಿದ ಪ್ರೋಗ್ರಾಮರುಗಳು ಅದೇ ಕೆಲಸವನ್ನು ಸೆಕೆಂಡಿಗೂ ಕಡಿಮೆ ಸಮಯಕ್ಕೆ ತಂದರು. ಅದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಒಂದೇ ಅಕ್ಷರಗಳ ಪದಗಳನ್ನು ಒಂದಾಗಿ ಎಣಿಸಿದರು. ಪ್ರತಿ ಪದವನ್ನೂ 26 ಸೊನ್ನೆ-ಒಂದುಗಳ ಸಾಲಾಗಿ ಬರೆದು, ಎರಡು ಪದಗಳಲ್ಲಿ ಸಮಾನ ಅಕ್ಷರವಿದೆಯೇ ಎಂಬುದನ್ನು ಒಂದೇ ಹೋಲಿಕೆಯಲ್ಲಿ ತಿಳಿದರು. ಕ್ಯೂ, ಜೆ, ಎಕ್ಸ್‌ನಂಥ ಅಪರೂಪದ ಅಕ್ಷರಗಳಿಂದ ಹುಡುಕಾಟ ಶುರುಮಾಡಿದರು. ತಿಂಗಳು ಕ್ಷಣವಾದದ್ದು ಜೋಡಣೆಯಿಂದ.

ಈ ಕಥೆಯನ್ನು ಕನ್ನಡಿಗರು ಓದಬೇಕಾದ ಕಾರಣವಿದೆ. ನಮ್ಮ ಕಾವ್ಯದ ಪ್ರಾಸ ನಿಲ್ಲುವುದು ಸಾಲಿನ ಎರಡನೆಯ ಅಕ್ಷರದ ಮೇಲೆ, ಆದರೆ 1894ರ ಕಿಟೆಲ್ ನಿಘಂಟು ಜೋಡಣೆಯಾಗಿರುವುದು ಮೊದಲ ಅಕ್ಷರದಿಂದ. ಕಂಪ್ಯೂಟರಿನಲ್ಲಿ ತೊಡಕು ಇನ್ನೂ ಹೆಚ್ಚು. ಪದಬಂಧದಲ್ಲಿ ‘ಕ್ಷ’ ಒಂದೇ ಮನೆ ಹಿಡಿದರೂ ಯುನಿಕೋಡ್ ಅದನ್ನು ಕ, ಹಲಂತ ಚಿಹ್ನೆ, ಷ ಎಂಬ ಮೂರು ತುಣುಕುಗಳಾಗಿ ಇಡುತ್ತದೆ. ಹಾಗಾಗಿ ಇಂಗ್ಲಿಷಿನ ಉಪಕರಣಗಳನ್ನು ಇದ್ದ ಹಾಗೇ ತಂದರೆ ಇಲ್ಲಿ ಎಣಿಕೆ ತಪ್ಪುತ್ತದೆ. ವಿ. ಕೃಷ್ಣ ಅವರು ದಶಕಗಳ ದುಡಿಮೆಯಿಂದ ಕಟ್ಟಿದ ‘ಅಲರ್’ ನಿಘಂಟಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು ಇಂದು ಎಲ್ಲರಿಗೂ ಮುಕ್ತವಾಗಿ ಸಿಗುತ್ತವೆ. ತಂತ್ರಾಂಶ ಬಲ್ಲ ಕನ್ನಡದ ಗೆಳೆಯರು ದಯವಿಟ್ಟು ಆ ಪಟ್ಟಿಯನ್ನು ಒತ್ತು, ಕಾಗುಣಿತ ಕೆಡದಂತೆ ಅಕ್ಷರ ಅಕ್ಷರವಾಗಿ ಬಿಡಿಸಿ, ಎರಡನೆಯ ಅಕ್ಷರದಿಂದ ಒಮ್ಮೆ, ಕೊನೆಯ ಅಕ್ಷರದಿಂದ ಒಮ್ಮೆ ಜೋಡಿಸಿ ಕೊಡಿ.